ಹಳೇ ಯುನಿಕ್ಸ್ ಟೇಪು, ಹೊಸ ಲಿನಕ್ಸ್ ಮಷೀನು: ಬ್ಲಾಕ್ ಸೈಜ್ ತಾಳೆಯಾಗ್ತಿಲ್ಲ, ದಾರಿ ತಿಳಿಸಿ

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಕಡೆಯ ಒಂದು ಸಹಕಾರ ಸಂಘದ ಹಳೇ ಲೆಕ್ಕದ ಟೇಪುಗಳು ಹಾಸನಕ್ಕೆ ಬಂದಿವೆ. ನಾಲ್ಕೂ ಡಿಡಿಎಸ್-4 ಅನ್ನೋ ಜಾತಿಯ ಡೇಟಾ ಟೇಪ್ ಕ್ಯಾಸೆಟ್ಟು. ಬರೆದದ್ದು ಸೊಲಾರಿಸ್ ಮತ್ತೆ ಇನ್ನೊಂದೆರಡು ಯುನಿಕ್ಸ್ ಮಷೀನಲ್ಲಿ, ಓದಬೇಕಾಗಿರೋದು ಲಿನಕ್ಸಲ್ಲಿ. ಡ್ರೈವ್ ಹೊರಗಿನದು, ಸ್ಕಸಿ ಕೇಬಲ್ಲಲ್ಲಿ ಸೇರಿಸಿದೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೀತೀನಿ, ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರ ಅಂತ ತಿಳ್ಕೊಳ್ಳಿ.

ಟೇಪ್ 1: ಟಾರ್ (ಫೈಲುಗಳನ್ನ ಒಟ್ಟು ಕಟ್ಟೋ, ಬಿಚ್ಚೋ ಕಮಾಂಡ್) -ಟಿವಿಎಫ್ ಕೊಟ್ಟರೆ "ಕ್ಯಾನಾಟ್ ಅಲೊಕೇಟ್ ಮೆಮೊರಿ" ಅನ್ನುತ್ತೆ. ಮಷೀನಲ್ಲಿ 16 ಜಿಬಿ ಮೆಮೊರಿ ಇದೆ, ಮುಕ್ಕಾಲು ಪಾಲು ಖಾಲಿ.

ಟೇಪ್ 3: ಓದುತ್ತೆ, ಎಲ್ಲಾ ಫೈಲೂ ಬಂತು. ಆದರೆ ಜೊತೆಗೆ ಬಂದಿರೋ ಕಾಗದದಲ್ಲಿ ಡಿಯು (ಫೈಲುಗಳು ಡಿಸ್ಕಲ್ಲಿ ಹಿಡಿದ ಜಾಗ ಹೇಳೋ ಕಮಾಂಡ್) ಲೆಕ್ಕ 63,68,240 ಬ್ಲಾಕ್ ಅಂತ ಇದೆ. ಇಲ್ಲಿ ಬಿಚ್ಚಿದ ಮೇಲೆ ಡಿಯು ಹೇಳೋದು 31,84,000 ಚಿಲ್ಲರೆ. ಅರ್ಧ ಎಲ್ಲಿ ಹೋಯ್ತು?

ಟೇಪ್ 4: ಒಂದನೇದರ ಥರಾನೇ ಮೆಮೊರಿ ದೂರು.

ಟೇಪ್ 2: ಇದನ್ನ ಕೊನೇಗೆ, ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಹಾಕಿದ್ದು. "ಇನ್‌ಪುಟ್/ಔಟ್‌ಪುಟ್ ಎರರ್". ಟೇಪು ಬೂಷ್ಟು ಹಿಡಿದಿದೆಯಾ, ಡ್ರೈವ್ ಹೆಡ್ ಕೆಟ್ಟಿದೆಯಾ, ಗೊತ್ತಾಗ್ತಿಲ್ಲ. ಕ್ಲೀನಿಂಗ್ ಕ್ಯಾಸೆಟ್ ಒಂದು ಸಲ ಓಡಿಸಿ ಆಗಿದೆ, ಫಲ ಇಲ್ಲ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಮೊದಲು ಟೇಪ್ 3ರ ಅರ್ಧದ ವಿಷಯ, ಅದು ಸುಲಭ. ಏನೂ ಕಳೆದಿಲ್ಲ.

ಸೊಲಾರಿಸಲ್ಲಿ ಡಿಯು, ಡಿಎಫ್ (ಡಿಸ್ಕಲ್ಲಿ ಖಾಲಿ ಎಷ್ಟಿದೆ ಅಂತ ಹೇಳೋದು) ಎರಡೂ ಏನೂ ಆಪ್ಷನ್ ಕೊಡದೆ ಇದ್ದರೆ 512 ಬೈಟಿನ ಬ್ಲಾಕಲ್ಲಿ ಎಣಿಸುತ್ತವೆ. ಲಿನಕ್ಸಿನ ಡಿಯು 1,024 ಬೈಟಲ್ಲಿ ಎಣಿಸುತ್ತೆ. 63,68,240ನ್ನು ಎರಡರಿಂದ ಭಾಗಿಸಿ, 31,84,120. ನಿಮಗೆ ಬಂದಿದ್ದೂ ಅಷ್ಟೇ. ಚಿಲ್ಲರೆಯಲ್ಲಿ ಹೆಚ್ಚುಕಮ್ಮಿ ಇದ್ದರೆ ಎರಡು ಫೈಲ್ ಸಿಸ್ಟಮ್ ಜಾಗ ಹಂಚೋ ರೀತಿ ಬೇರೆ ಅಷ್ಟೆ. ಅನುಮಾನ ಇದ್ದರೆ ಎರಡೂ ಕಡೆ ಡಿಯು -ಕೆ ಅಂತಲೇ ಕೊಡಿ, ಆಗ ಎರಡೂ ಕಿಲೋಬೈಟಲ್ಲೇ ಉತ್ತರ ಕೊಡ್ತವೆ. ಇನ್ನೊಂದು: ಲಿನಕ್ಸಲ್ಲೂ ಪೊಸಿಕ್ಸ್‌ಲಿ_ಕರೆಕ್ಟ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಸೆಟ್ ಆಗಿದ್ದರೆ ಡಿಯು, ಡಿಎಫ್ 512ಕ್ಕೆ ತಿರುಗಿಬಿಡ್ತವೆ. ಐಬಿಎಂನ ಯುನಿಕ್ಸ್ ಆದ ಎಐಎಕ್ಸಿನ ಡಿಎಫ್ ಕೂಡ 512ರದ್ದೇ.

ಗೊಂದಲದ ಬೇರು ಇರೋದು "ಬ್ಲಾಕ್" ಅನ್ನೋ ಒಂದೇ ಮಾತಿಗೆ ನಾಲ್ಕು ಅರ್ಥ ಇರೋದರಲ್ಲಿ. ಡಿಯು, ಡಿಎಫ್ ಎಣಿಸೋ ಬ್ಲಾಕ್ ಬರೀ ವರದಿಯ ಅಳತೆ, ಸೇರಿಗೂ ಕೆಜಿಗೂ ಇರೋ ವ್ಯತ್ಯಾಸದಂಥದ್ದು. ಫೈಲ್ ಸಿಸ್ಟಮ್ಮಿನ ಬ್ಲಾಕ್ ಡಿಸ್ಕಿನ ಜಾಗ ಹಂಚೋ ಅಳತೆ, ಸಾಮಾನ್ಯವಾಗಿ 4,096. ಟಾರ್‌ನ ಬ್ಲಾಕ್ ಯಾವಾಗಲೂ 512 ಬೈಟು, ಅದು ಬದಲಾಗೋದೇ ಇಲ್ಲ. ಇಂಥ ಬ್ಲಾಕುಗಳನ್ನು ಎಷ್ಟು ಕಟ್ಟಿ ಒಂದು ಸಲಕ್ಕೆ ಬರೀತೀವೋ ಅದಕ್ಕೆ ಟಾರ್ ರೆಕಾರ್ಡ್ ಅನ್ನುತ್ತೆ. ಟೇಪ್ ಡ್ರೈವಿನ ಕಣ್ಣಲ್ಲಿ ಮಾತ್ರ ಆ ಇಡೀ ರೆಕಾರ್ಡೇ ಒಂದು ಬ್ಲಾಕ್. ನಿಮ್ಮ ಟೇಪ್ 3ರ ಪ್ರಶ್ನೆ ಮೊದಲನೇ ಅರ್ಥದ್ದು. 1, 2, 4ರದ್ದು ಕೊನೇ ಅರ್ಥದ್ದು. ಎರಡಕ್ಕೂ ಸಂಬಂಧವೇ ಇಲ್ಲ.

ಡಿಸ್ಕ್ ಲೆಕ್ಕವೂ ಟೇಪ್ ಲೆಕ್ಕವೂ ಪೂರ್ತಿ ತಾಳೆ ಆಗೋದನ್ನ ಯಾವತ್ತೂ ನಿರೀಕ್ಷಿಸಬೇಡಿ. 100 ಬೈಟಿನ 1,000 ಫೈಲು ಇದ್ದರೆ 4,096ರ ಫೈಲ್ ಸಿಸ್ಟಮಲ್ಲಿ ಅವು 40,96,000 ಬೈಟ್ ಹಿಡೀತವೆ. ಟಾರಲ್ಲಿ ಒಂದೊಂದಕ್ಕೂ 512ರ ಹೆಡರು, 512ರ ಡೇಟಾ, ಒಟ್ಟು 10,24,000. ನಾಲ್ಕನೇ ಒಂದು ಪಾಲು. ತಿರುಗಾಮುರುಗಾನೂ ಆಗುತ್ತೆ: ಮಧ್ಯೆ ಮಧ್ಯೆ ಖಾಲಿ ಇರೋ ಡೇಟಾಬೇಸ್ ಫೈಲನ್ನು ಡಿಯು ಕಮ್ಮಿ ತೋರಿಸುತ್ತೆ, ಟಾರ್‌ಗೆ ದೊಡ್ಡಕ್ಷರದ -ಎಸ್ ಕೊಡದೇ ಇದ್ದರೆ ಖಾಲಿ ಜಾಗವನ್ನೂ ಸೊನ್ನೆ ತುಂಬಿಸಿ ಟೇಪಿಗೆ ಬರೆದುಬಿಡುತ್ತೆ.

ಬೇಲೂರು ಉಳಿ

ಹೇಮಾವತಿ ಅವರೇ, ಟೇಪೂ ಕೆಟ್ಟಿಲ್ಲ, ಹೆಡ್ಡೂ ಕೆಟ್ಟಿಲ್ಲ ಅನ್ನಿಸುತ್ತೆ. ಇನ್ನೊಂದು ಸಲ ಕ್ಲೀನಿಂಗ್ ಕ್ಯಾಸೆಟ್ ಹಾಕಬೇಡಿ, ಅದು ಹೆಡ್ಡನ್ನು ಸವೆಸುತ್ತೆ.

ಟೇಪ್ ಡ್ರೈವಿಗೆ ಎರಡು ನಡೆ. ವೇರಿಯಬಲ್ ನಡೆಯಲ್ಲಿ ಪ್ರೋಗ್ರಾಮ್ ಒಂದು ಸಲ ರೈಟ್ ಕರೆದರೆ ಟೇಪಿನ ಮೇಲೆ ಒಂದು ಬ್ಲಾಕ್ ಆಗುತ್ತೆ, ಅದು ಎಷ್ಟು ಬೈಟ್ ಇತ್ತೋ ಅಷ್ಟೇ ಅಳತೆಯದ್ದು. ಓದುವಾಗಲೂ ಒಂದು ರೀಡಿಗೆ ಒಂದು ಬ್ಲಾಕ್. ಅರ್ಧ ಬ್ಲಾಕನ್ನು ಈಗ ಓದಿ ಉಳಿದರ್ಧ ಆಮೇಲೆ ಅನ್ನೋ ಹಾಗಿಲ್ಲ. ಟಾರ್ ತನ್ನಷ್ಟಕ್ಕೆ ತಾನು ಇಟ್ಕೊಳ್ಳೋ ಬಫರ್ 20 ಬ್ಲಾಕಿನದ್ದು, 20 ಗುಣಿಸು 512, ಅಂದರೆ 10,240 ಬೈಟು. ಟೇಪಿನ ಮೇಲಿರೋ ಬ್ಲಾಕ್ ಅದಕ್ಕಿಂತ ದೊಡ್ಡದಾದರೆ ಅದು ಈ ಬಫರಲ್ಲಿ ಹಿಡಿಸಲ್ಲ, ಲಿನಕ್ಸಿನ ಟೇಪ್ ಡ್ರೈವರ್ ಆ ಸ್ಥಿತಿಗೆ ಕೊಡೋ ಎರರ್ ನಂಬರಿಗೆ ಅಂಟಿಕೊಂಡಿರೋ ವಾಕ್ಯವೇ "ಕ್ಯಾನಾಟ್ ಅಲೊಕೇಟ್ ಮೆಮೊರಿ". ಚೊಂಬು ಚಿಕ್ಕದು ಅನ್ನೋದನ್ನ ಬಾವಿಯಲ್ಲಿ ನೀರಿಲ್ಲ ಅಂತ ಹೇಳಿದ ಹಾಗೆ. ರ‍್ಯಾಮಿಗೂ ಇದಕ್ಕೂ ಸಂಬಂಧ ಇಲ್ಲ.

ಫಿಕ್ಸೆಡ್ ನಡೆಯಲ್ಲಿ ಡ್ರೈವಿಗೆ ಮೊದಲೇ ಒಂದು ಅಳತೆ ಹೇಳಿರ್ತೀವಿ, 512 ಅಂತಿಟ್ಕೊಳ್ಳಿ. ಎಲ್ಲಾ ಬ್ಲಾಕೂ ಅದೇ ಅಳತೆ. ಟೇಪಿನ ಮೇಲೆ ಬೇರೆ ಅಳತೆಯ ಬ್ಲಾಕ್ ಸಿಕ್ಕಿದರೆ ಡ್ರೈವ್ "ಅಳತೆ ತಪ್ಪು" ಅಂತ ಸೂಚನೆ ಕೊಡುತ್ತೆ, ಅದು ಮೇಲಕ್ಕೆ ಬರುವಷ್ಟರಲ್ಲಿ "ಇನ್‌ಪುಟ್/ಔಟ್‌ಪುಟ್ ಎರರ್" ಆಗಿರುತ್ತೆ. ನಿಮ್ಮ ಟೇಪ್ 2ರ ಲಕ್ಷಣ ಇದೇ. ನೀವೇ ಸುಳಿವು ಕೊಟ್ಟಿದ್ದೀರಿ: ಕರೆಂಟ್ ಹೋಗಿ ಬಂತು. ಮಷೀನು ಯುಪಿಎಸ್ ಮೇಲೆ, ಡ್ರೈವ್ ಗೋಡೆಯ ಸಾಕೆಟ್ಟಿನ ಮೇಲೆ ಇದೆಯಾ ನೋಡಿ. ಹಾಗಿದ್ದರೆ ಡ್ರೈವ್ ಮಾತ್ರ ಆಫ್ ಆಗಿ ಆನ್ ಆಗಿ ತನ್ನ ಹುಟ್ಟು ಅಳತೆಗೆ ವಾಪಸ್ ಹೋಗಿರುತ್ತೆ. ಬೂಟ್ ಆಗುವಾಗ ಸೆಟ್ ಮಾಡಿದ್ದ ಸ್ಕ್ರಿಪ್ಟ್ ಮತ್ತೆ ಓಡಿರಲ್ಲ.

ಈಗ ಮಾಡಬೇಕಾದ್ದು. ಎಂಟಿ ಅನ್ನೋದು ಟೇಪ್ ಡ್ರೈವನ್ನು ನಡೆಸೋ ಕಮಾಂಡ್, ಡಿಡಿ ಡೇಟಾವನ್ನು ಹಾಗೇ ನಕಲು ಮಾಡೋದು. ಮೊದಲು ಸ್ಥಿತಿ ನೋಡಿ:

ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸ್ಟೇಟಸ್

ಅದರಲ್ಲಿ "ಟೇಪ್ ಬ್ಲಾಕ್ ಸೈಜ್" ಅನ್ನೋ ಸಾಲು ನೋಡಿ. 0 ಅಂದರೆ ವೇರಿಯಬಲ್. ಬೇರೆ ಏನೇ ಇದ್ದರೂ ಫಿಕ್ಸೆಡ್. ಪಕ್ಕದಲ್ಲಿ ಡೆನ್ಸಿಟಿ ಕೋಡ್ (ಟೇಪಿನ ಜಾತಿಯ ಗುರುತು) ಇರುತ್ತೆ, ಡಿಡಿಎಸ್-4ಕ್ಕೆ ಹೆಕ್ಸಲ್ಲಿ 26. ಆಮೇಲೆ:

ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸೆಟ್‌ಬಿಎಲ್‌ಕೆ 0
ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ರಿವೈಂಡ್
ಡಿಡಿ ಐಎಫ್=/ಡೆವ್/ಎನ್‌ಎಸ್‌ಟಿ0 ಓಎಫ್=ಮಾದರಿ ಬಿಎಸ್=1ಎಂ ಕೌಂಟ್=1

ಡಿಡಿ "0+1 ರೆಕಾರ್ಡ್ಸ್ ಇನ್" ಅನ್ನುತ್ತೆ. ಕೂಡಿಸು ಚಿಹ್ನೆಯ ಎಡಗಡೆ ಪೂರ್ತಿ ತುಂಬಿದ ಓದು, ಬಲಗಡೆ ತುಂಬದ ಓದು. ನಾವು 1 ಎಂಬಿ ಕೇಳಿದ್ದು, ಟೇಪು ಒಂದು ಬ್ಲಾಕ್ ಮಾತ್ರ ಕೊಟ್ಟಿತು. ಮಾದರಿ ಫೈಲಿನ ಉದ್ದ ಎಲ್‌ಎಸ್ -ಎಲ್ ಹಾಕಿ ನೋಡಿ, ಅದೇ ಆ ಟೇಪಿನ ಬ್ಲಾಕ್ ಸೈಜು. ಆ ಮಾದರಿಯ ಮೇಲೇ ಫೈಲ್ ಕಮಾಂಡ್ ಓಡಿಸಿದರೆ ಟಾರಾ, ಸಿಪಿಐಒನಾ, ಡಂಪಾ (ಮೂರೂ ಬ್ಯಾಕಪ್ ಕಟ್ಟೋ ಬೇರೆ ಬೇರೆ ಪ್ರೋಗ್ರಾಮು) ಅಂತಲೂ ಗೊತ್ತಾಗುತ್ತೆ. ಡಿವೈಸ್ ಹೆಸರಿನ ಎನ್ ಮರೀಬೇಡಿ. ಎನ್ ಇಲ್ಲದ ಎಸ್‌ಟಿ0 ಒಂದೊಂದು ಕಮಾಂಡ್ ಮುಗಿದಾಗಲೂ ಟೇಪನ್ನು ಮೊದಲಿಗೆ ಸುತ್ತಿಬಿಡುತ್ತೆ.

ಕರ್ನಲ್ಲಿನ ಸಂದೇಶ ತೋರಿಸೋ ಡಿಮೆಸೇಜ್ ಕಮಾಂಡ್ ಕೂಡ ಒಂದು ಸಲ ನೋಡಿ. "ಫೇಲ್ಡ್ ಟು ರೀಡ್ ಇಂತಿಷ್ಟು ಬೈಟ್ ಬ್ಲಾಕ್ ವಿತ್ 10240 ಬೈಟ್ ಟ್ರಾನ್ಸ್‌ಫರ್" ಅಂತ ಕರ್ನಲ್ಲೇ ಉತ್ತರ ಬರೆದಿಟ್ಟಿರುತ್ತೆ. ಫಿಕ್ಸೆಡ್ ನಡೆಯ ತಪ್ಪಾದರೆ ಅಲ್ಲಿ "ಇನ್‌ಕರೆಕ್ಟ್ ಬ್ಲಾಕ್ ಸೈಜ್" ಅಂತ ಇರುತ್ತೆ. ಟಾರ್ ಹೇಳೋ ವಾಕ್ಯಕ್ಕಿಂತ ಕರ್ನಲ್ ಹೇಳೋದು ಎಷ್ಟೋ ಸ್ಪಷ್ಟ.

ಹೇಮಾವತಿ ದಂಡೆ (ಹಾಸನ)

ಉಳಿ ಸಾರ್, ನೀವು ಹೇಳಿದ ಹಾಗೇ ಆಗಿದೆ. ಡ್ರೈವಿನ ವೈರು ಯುಪಿಎಸ್‌ನಲ್ಲಿ ಇರಲಿಲ್ಲ. ಸ್ಟೇಟಸಲ್ಲಿ ಬ್ಲಾಕ್ ಸೈಜ್ 512 ತೋರಿಸ್ತಿತ್ತು. 0 ಮಾಡಿ ನಾಲ್ಕನ್ನೂ ಅಳೆದೆ:

ಟೇಪ್ 1: 64,512 ಬೈಟು, ಟಾರ್.
ಟೇಪ್ 2: 5,120 ಬೈಟು, ಸಿಪಿಐಒ.
ಟೇಪ್ 3: 10,240 ಬೈಟು, ಟಾರ್.
ಟೇಪ್ 4: 32,768 ಬೈಟು. ಮಾದರಿ ತೆರೆದು ನೋಡಿದರೆ ಮೊದಲ ಸಾಲಲ್ಲೇ "ಅಮಾಂಡಾ: ಟೇಪ್‌ಸ್ಟಾರ್ಟ್" ಅಂತ ಓದೋ ಹಾಗೆ ಇದೆ, ಉಳಿದದ್ದೆಲ್ಲಾ ಖಾಲಿ.

ಬೇಲೂರು ಉಳಿ

ನಾಲ್ಕಕ್ಕೂ ಉತ್ತರ ನಿಮ್ಮ ಕೈಯಲ್ಲೇ ಇದೆ.

64,512ನ್ನು 512ರಿಂದ ಭಾಗಿಸಿ, 126. ಬರೆದವರು ಟಾರ್‌ಗೆ ಬಿ 126 ಕೊಟ್ಟಿದ್ದಾರೆ, 64 ಕಿಲೋಬೈಟಿನ ಮಿತಿಯ ಒಳಗೇ ಇರಲಿ ಅಂತ 63 ಕಿಲೋಬೈಟಿಗೆ ನಿಲ್ಲಿಸೋ ಹಳೇ ಪದ್ಧತಿ. ಬ್ಯಾಕುಲಾ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಇವತ್ತಿಗೂ ತನ್ನಷ್ಟಕ್ಕೆ ಬರೆಯೋದು ಇದೇ 64,512ರಲ್ಲಿ. ಓದೋಕೆ:

ಟಾರ್ -ಬಿ 126 -ಟಿವಿಎಫ್ /ಡೆವ್/ಎನ್‌ಎಸ್‌ಟಿ0

ಇಲ್ಲಿ ಬಿ ಇಂಗ್ಲಿಷಿನ ಚಿಕ್ಕಕ್ಷರ. ದೊಡ್ಡಕ್ಷರದ ಬಿ ಬೇರೆ ಕೆಲಸದ್ದು. ವೇರಿಯಬಲ್ ನಡೆಯಲ್ಲಿ ಅಳತೆ ಸರಿಯಾಗಿ ಗೊತ್ತಿಲ್ಲದಿದ್ದರೂ -ಬಿ 2048 ಅಂತ ದೊಡ್ಡದಾಗಿ ಕೊಟ್ಟರೆ ಜಿಎನ್‌ಯು ಟಾರ್ ಮೊದಲ ಓದಲ್ಲಿ ಎಷ್ಟು ಬಂತೋ ಅದನ್ನೇ ಅಳತೆ ಅಂತ ಹಿಡಿಯುತ್ತೆ. ದೊಡ್ಡ ಚೊಂಬಿನಿಂದ ತೊಂದರೆ ಇಲ್ಲ, ಚಿಕ್ಕದರಿಂದ ಮಾತ್ರ ತೊಂದರೆ.

5,120 ಅಂದರೆ ಸಿಪಿಐಒಗೆ ದೊಡ್ಡ -ಬಿ ಕೊಟ್ಟು ಬರೆದದ್ದು. ಸಿಪಿಐಒ ತಾನಾಗಿ ಬರೆದರೆ 512, ದೊಡ್ಡ ಬಿ ಕೊಟ್ಟರೆ 5,120. ಟಾರ್ ಇದನ್ನ ಹೇಗಿದ್ದರೂ ಓದಲ್ಲ. ಸಿಪಿಐಒ -ಐಟಿವಿ ಜೊತೆ ದೊಡ್ಡ ಬಿ ಸೇರಿಸಿ, ಟೇಪನ್ನು ಇನ್‌ಪುಟ್ಟಾಗಿ ಕೊಡಿ. ಬಿಚ್ಚೋ ಮೊದಲು ಪಟ್ಟಿ ನೋಡಲೇಬೇಕು: ಹಳೇ ಸಿಪಿಐಒ ಟೇಪುಗಳಲ್ಲಿ ಫೈಲಿನ ದಾರಿ ಓರೆಗೆರೆಯಿಂದ ಶುರುವಾಗಿದ್ದರೆ ನಿಮ್ಮ ಮಷೀನಿನ ಇಟಿಸಿ ಮೇಲೇ ಬಂದು ಕೂರುತ್ತೆ. ಹಾಗಿದ್ದರೆ ನೋ-ಆಬ್ಸೊಲ್ಯೂಟ್-ಫೈಲ್‌ನೇಮ್ಸ್ ಆಪ್ಷನ್ ಹಾಕಿ.

ಟೇಪ್ 4 ಅಮಾಂಡಾ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಬರೆದದ್ದು. ಮೊದಲ ಫೈಲಲ್ಲಿ ಇರೋದು ಟೇಪಿನ ಹೆಸರಪಟ್ಟಿ ಮಾತ್ರ. ಎಂಟಿ ಎಫ್‌ಎಸ್‌ಎಫ್ 1 ಕೊಟ್ಟು ಒಂದು ಫೈಲ್ ಮುಂದಕ್ಕೆ ಹೋಗಿ, ಬಿಎಸ್=32ಕೆ ಕೌಂಟ್=1 ಹಾಕಿ ಡಿಡಿಯಿಂದ ಒಂದು ಬ್ಲಾಕ್ ಓದಿ. ಅದರಲ್ಲಿ ಯಾವ ಮಷೀನು, ಯಾವ ಡಿಸ್ಕು, ಯಾವತ್ತಿನದ್ದು, ಕೊನೆಗೆ ವಾಪಸ್ ಬಿಚ್ಚೋ ಕಮಾಂಡ್ ಏನು ಅಂತ ಅಕ್ಷರದಲ್ಲೇ ಬರೆದಿರುತ್ತೆ. ಬಿಎಸ್=32ಕೆ ಸ್ಕಿಪ್=1 ಅಂತ ಇರುತ್ತೆ, ಅಂದರೆ ಹೆಡರಿನ ಒಂದು ಬ್ಲಾಕ್ ಬಿಟ್ಟು ಓದು. ಎಚ್ಚರ: ಹೆಡರ್ ಓದಿದ ಮೇಲೆ ಟೇಪು ಹೆಡರನ್ನು ದಾಟಿ ನಿಂತಿರುತ್ತೆ. ಅಲ್ಲಿಂದಲೇ ಮುಂದುವರಿಸ್ತೀರಿ ಅಂದರೆ ಸ್ಕಿಪ್ ಬೇಡ, ಇಲ್ಲವಾದರೆ ಡೇಟಾದ ಮೊದಲ 32,768 ಬೈಟ್ ಹಾರಿಹೋಗುತ್ತೆ. ಗೊಂದಲ ಬೇಡ ಅಂದರೆ ರಿವೈಂಡ್ ಮಾಡಿ, ಎಫ್‌ಎಸ್‌ಎಫ್ 1 ಕೊಟ್ಟು, ಆಮೇಲೆ ಅವರು ಹೇಳಿದ ಕಮಾಂಡನ್ನು ಹಾಗೇ ಓಡಿಸಿ.

ಘಾಟಿ ಮಂಜು (ಸಕಲೇಶಪುರ)

ಒಂದು ಮಾತು ಸೇರಿಸ್ತೀನಿ. ಹಳೇ ಟೇಪಿನ ಮೇಲೆ ನೇರವಾಗಿ ಟಾರ್, ಸಿಪಿಐಒ ಓಡಿಸಿ ಹಿಂದೆ ಮುಂದೆ ಎಳೆದಾಡಿಸೋದು ಬೇಡ. ಒಂದೇ ಸಲ ಪೂರ್ತಿ ಡಿಸ್ಕಿಗೆ ಇಳಿಸಿಕೊಳ್ಳಿ, ಉಳಿದ ಕೆಲಸ ಆ ಫೈಲಿನ ಮೇಲೆ ಮಾಡಿ. ಡಿಸ್ಕಿಗೆ ಬಂದ ಮೇಲೆ ಟೇಪ್ ಬ್ಲಾಕಿನ ಗಡಿಯೇ ಇರಲ್ಲ, -ಬಿ ತಲೆನೋವೂ ಇರಲ್ಲ.

ಡಿಡಿ ಐಎಫ್=/ಡೆವ್/ಎನ್‌ಎಸ್‌ಟಿ0 ಓಎಫ್=ಟೇಪ್1-ಫೈಲ್1 ಬಿಎಸ್=256ಕೆ

ಇದು ಫೈಲ್ ಮಾರ್ಕ್ (ಒಂದು ಫೈಲ್ ಮುಗಿದ ಗುರುತು) ಸಿಕ್ಕ ಕೂಡಲೇ ನಿಲ್ಲುತ್ತೆ, ಟೇಪು ಮಾರ್ಕಿನ ಆಚೆ ನಿಂತಿರುತ್ತೆ. ಹೆಸರಿನ ಕೊನೆಯಂಕಿ ಬದಲಿಸಿ ಅದೇ ಕಮಾಂಡ್ ಮತ್ತೆ ಕೊಡಿ, ಎರಡನೇ ಫೈಲ್ ಬರುತ್ತೆ. "0+0 ರೆಕಾರ್ಡ್ಸ್" ಅಂತ ಬಂದರೆ ಎರಡು ಮಾರ್ಕ್ ಒಟ್ಟಿಗೆ ಸಿಕ್ಕಿದೆ, ಅಲ್ಲಿಗೆ ಟೇಪ್ ಮುಗೀತು ಅಂತ ಸಾಮಾನ್ಯ ಅರ್ಥ. ಎಷ್ಟೋ ಕಡೆ ಒಂದೇ ಕ್ಯಾಸೆಟ್ಟಲ್ಲಿ ಸೋಮವಾರದಿಂದ ಶನಿವಾರದವರೆಗೆ ಆರು ಬ್ಯಾಕಪ್ ಸಾಲಾಗಿ ಇರುತ್ತೆ. ಮೊದಲನೇದು ಓದಿ ಇಷ್ಟೇ ಅಂದ್ಕೊಂಡು ಕ್ಯಾಸೆಟ್ ಎತ್ತಿಡೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಟಾರ್‌ನಿಂದಲೇ ಒಂದರ ಮೇಲೊಂದು ಓದೋದಾದರೆ ಈ ಬಲೆ ನೆನಪಿರಲಿ: ಟಾರ್ ತನ್ನ ಕೊನೆಯ ಸೊನ್ನೆ ಬ್ಲಾಕುಗಳನ್ನು ಕಂಡು ನಿಲ್ಲುತ್ತೆ, ಫೈಲ್ ಮಾರ್ಕ್ ದಾಟದೇ ಇರಬಹುದು. ಲಿನಕ್ಸಲ್ಲಿ ಮಾಮೂಲಿ ನಡೆ ಬಿಎಸ್‌ಡಿ ಥರದ್ದು, ಡಿವೈಸ್ ಮುಚ್ಚಿದಾಗ ಟೇಪು ಅಲ್ಲೇ ನಿಂತಿರುತ್ತೆ. ಎರಡನೇ ಟಾರ್ ಓಡಿಸಿದರೆ ಎದುರಿಗೇ ಮಾರ್ಕು, "ಏನೂ ಇಲ್ಲ" ಅಂತ ಬಂದುಬಿಡುತ್ತೆ. ನಡುವೆ ಎಫ್‌ಎಸ್‌ಎಫ್ 1 ಕೊಟ್ಟರೆ ಸರಿ. ಸೊಲಾರಿಸಲ್ಲಿ ಈ ನಡೆ ಡಿವೈಸ್ ಹೆಸರಲ್ಲೇ ಇದೆ: /ಡೆವ್/ಆರ್‌ಎಂಟಿ/0ಎನ್ ಆದರೆ ಓದಿ ಮುಚ್ಚಿದಾಗ ಮುಂದಿನ ಫೈಲಿಗೆ ದಾಟುತ್ತೆ, 0ಬಿಎನ್ ಆದರೆ ಅಲ್ಲೇ ನಿಲ್ಲುತ್ತೆ.

ಅರಸೀಕೆರೆ ತೆಂಗು

ಇಷ್ಟೆಲ್ಲಾ ತಾಪತ್ರಯ ಯಾಕೆ ಸಾರ್? ಎಲ್ಲಾ ಕಡೆ ಸೆಟ್‌ಬಿಎಲ್‌ಕೆ 512 ಮಾಡಿಟ್ಟುಬಿಟ್ಟರೆ ಫಿಕ್ಸೆಡ್ಡಲ್ಲೇ ಬರೀಬಹುದು, ಫಿಕ್ಸೆಡ್ಡಲ್ಲೇ ಓದಬಹುದು. ಟಾರ್‌ಗೆ ಯಾವ -ಬಿ ಕೊಟ್ಟರೂ ಓದುತ್ತೆ. ಗಡಿಯ ಗಲಾಟೆಯೇ ಇಲ್ಲ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ತೆಂಗು ಅಣ್ಣ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ, ಅದನ್ನ ಒಪ್ಪಲೇಬೇಕು. ಫಿಕ್ಸೆಡ್ ಟೇಪಲ್ಲಿ ರೆಕಾರ್ಡಿನ ಗಡಿ ಉಳಿಯಲ್ಲ, ಎಲ್ಲಾ 512ರ ಸಾಲು. ಹಾಗಾಗಿ ಬಿ 20ರಲ್ಲಿ ಬರೆದದ್ದನ್ನು ಬಿ 126ರಲ್ಲಿ ಓದಬಹುದು. ಕ್ಯೂಐಸಿ-150 ಥರದ ಕಾಲು ಇಂಚಿನ ಕ್ಯಾಟ್ರಿಡ್ಜಿಗಂತೂ ಬೇರೆ ದಾರಿಯೇ ಇಲ್ಲ, ಅದು ಹುಟ್ಟಾ 512ರ ಫಿಕ್ಸೆಡ್.

ಆದರೆ 20 ಜಿಬಿಯ ಡಿಡಿಎಸ್-4ನ್ನು 512ರಲ್ಲಿ ತುಂಬಿಸಿದರೆ 3,90,62,500 ಬ್ಲಾಕು. 65,536ರಲ್ಲಾದರೆ 3,05,176. ಒಂದೊಂದು ಬ್ಲಾಕಿಗೂ ಡ್ರೈವ್ ಲೆಕ್ಕ ಇಡಬೇಕು. ವೇಗವೂ ಹೋಗುತ್ತೆ, ಜಾಗವೂ ಹೋಗುತ್ತೆ. ಇನ್ನೊಂದು ತೊಡಕು, ಫಿಕ್ಸೆಡ್ಡಲ್ಲಿ 512ರ ಗುಣಕ ಅಲ್ಲದ ರೈಟ್ ಬಂದರೆ ಡ್ರೈವರ್ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅಂದು ತಿರಸ್ಕರಿಸುತ್ತೆ. ಡೇಟಾ ಕುಗ್ಗಿಸೋ ಜಿಜಿಪ್ಪಿನ ಔಟ್‌ಪುಟ್ಟನ್ನು ಹಾಗೇ ಟೇಪಿಗೆ ಸುರಿದರೆ ಕೊನೇ ತುಂಡಲ್ಲಿ ಇದೇ ಆಗೋದು.

ಬ್ಲಾಕ್ ಸೈಜು ಯಾಕೆ ಮುಖ್ಯ ಆಯ್ತು ಅನ್ನೋದು ಹಳೇ ಒಂಬತ್ತು ಟ್ರ್ಯಾಕಿನ ರೀಲ್ ಟೇಪ್ ನೋಡಿದರೆ ಕಣ್ಣಿಗೆ ಕಟ್ಟುತ್ತೆ. 1,600 ಬಿಪಿಐ (ಇಂಚಿಗೆ 1,600 ಬೈಟು) ರೀಲಲ್ಲಿ ಎರಡು ಬ್ಲಾಕಿನ ನಡುವೆ 0.6 ಇಂಚು ಖಾಲಿ ಬಿಡಲೇಬೇಕಿತ್ತು, ಮೋಟಾರು ನಿಂತು ಹೊರಡೋದಕ್ಕೆ. 512 ಬೈಟು ಹಿಡಿಯೋದು 0.32 ಇಂಚು. ಅಂದರೆ ಬರಹಕ್ಕಿಂತ ಖಾಲಿ ಜಾಗ ಹೆಚ್ಚುಕಮ್ಮಿ ಎರಡರಷ್ಟು. 2,400 ಅಡಿ ರೀಲಲ್ಲಿ 512ರ ಬ್ಲಾಕಿಗೆ ಸುಮಾರು 16 ಎಂಬಿ ಹಿಡಿಸುತ್ತೆ, ಅದೇ ರೀಲಲ್ಲಿ 10,240ರ ಬ್ಲಾಕಿಗೆ ಸುಮಾರು 42 ಎಂಬಿ. ಬ್ಲಾಕು ಕಟ್ಟಿ ಬರೆಯೋ ಪದ್ಧತಿಗೆ ಇದ್ದ ಬೆಲೆ ಇದು. ಈಗಿನ ಎಲ್‌ಟಿಓ ಜಾತಿಯ ಟೇಪಿಗೆ ಆ ಖಾಲಿ ಜಾಗ ಇಲ್ಲ, ಆದರೆ ವೇಗಕ್ಕೆ ದೊಡ್ಡ ಬ್ಲಾಕ್ ಬೇಕೇ ಬೇಕು. ಎಲ್‌ಟಿಓ-4 ಸೆಕೆಂಡಿಗೆ 120 ಎಂಬಿ ನುಂಗುತ್ತೆ. ಡೇಟಾ ಸಾಕಷ್ಟು ಬೇಗ ಬರದಿದ್ದರೆ ಡ್ರೈವ್ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಹೊರಡುತ್ತೆ. ಕಿವಿಗೊಟ್ಟರೆ ಸುಂಯ್ ಅಂತ ಒಂದೇ ಸಮ ಕೇಳಬೇಕಾದ್ದು ಕರ್ ಕರ್ ಅಂತ ಬಿಟ್ಟು ಬಿಟ್ಟು ಕೇಳುತ್ತೆ. ಟೇಪೂ ಸವೆಯುತ್ತೆ, ಹೆಡ್ಡೂ ಸವೆಯುತ್ತೆ.

ಹೊಸದಾಗಿ ಬರೆಯೋರಿಗೆ ನನ್ನ ಸಲಹೆ: ವೇರಿಯಬಲ್ ನಡೆ, ಟಾರ್ -ಬಿ 512, ಅಂದರೆ 2,62,144 ಬೈಟು. ಬೇರೆ ಹಳೇ ಮಷೀನಲ್ಲಿ ಓದಬೇಕಾದೀತು ಅಂತಿದ್ದರೆ -ಬಿ 128, 65,536ಕ್ಕೆ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಕೆಲವು ಸ್ಕಸಿ ಕಾರ್ಡು ಒಂದೇ ಸಲಕ್ಕೆ ಅಷ್ಟು ಸಾಗಿಸಲ್ಲ. ಬರೆದ ಮಷೀನಲ್ಲಿ ಓದುತ್ತೆ, ಪಕ್ಕದ ಮಷೀನಲ್ಲಿ ಓದಲ್ಲ ಅನ್ನೋ ಪರಿಸ್ಥಿತಿ ಬರುತ್ತೆ. ಚಿಕ್ಕ ಬ್ಯಾಕಪ್ಪಿಗೆ -ಬಿ ಅಂಕಿ ದೊಡ್ಡದಾದರೆ ದಂಡ: ಒಂದು ಬೈಟಿನ ಒಂದು ಫೈಲು ಕೂಡ ಬಿ 20ರಲ್ಲಿ 10,240, ಬಿ 512ರಲ್ಲಿ 2,62,144 ಬೈಟ್ ಆಗುತ್ತೆ, ಕೊನೇ ರೆಕಾರ್ಡನ್ನು ಟಾರ್ ಸೊನ್ನೆ ತುಂಬಿ ಪೂರ್ತಿ ಮಾಡೋದರಿಂದ.

ಘಾಟಿ ಮಂಜು (ಸಕಲೇಶಪುರ)

ಮುಳ್ಳಯ್ಯನಗಿರಿ ಮೇಡಂ ಹೇಳಿದ -ಬಿ ಎಲ್ಲಾ ಟಾರ್ ನೇರವಾಗಿ ಟೇಪಿಗೆ ಬರೆದಾಗ. ಪೈಪ್ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸೋದು) ಮಧ್ಯೆ ಬಂದರೆ ಕಥೆ ಬೇರೆ. ಜನ ಅತಿ ಹೆಚ್ಚು ಎಡವೋದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳ್ತೀನಿ.

ಒಂದು ಊರಿನ ಮಷೀನಿಂದ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಊರಿನ ಟೇಪಿಗೆ ಬರೆಯುವಾಗ ಕೊನೆಯಲ್ಲಿ ಡಿಡಿ ಓಎಫ್=/ಡೆವ್/ಎನ್‌ಎಸ್‌ಟಿ0 ಬಿಎಸ್=64ಕೆ ಅಂತ ಹಾಕ್ತಾರೆ. 64 ಕಿಲೋಬೈಟಿನ ಬ್ಲಾಕ್ ಆಯ್ತು ಅಂತ ನಂಬಿಕೆ. ಆಗಿರಲ್ಲ. ಪೈಪಿಂದ ಓದಿದಾಗ ಆ ಕ್ಷಣಕ್ಕೆ ಎಷ್ಟು ಬಂದಿದೆಯೋ ಅಷ್ಟೇ ಸಿಗೋದು. ಬಿಎಸ್ ಅಂತ ಕೊಟ್ಟರೆ ಡಿಡಿ ಸಿಕ್ಕಷ್ಟನ್ನೇ ಹಾಗೇ ಬರೆದುಬಿಡುತ್ತೆ. ವೇರಿಯಬಲ್ ನಡೆಯಲ್ಲಿ ಟೇಪಿನ ಮೇಲೆ 32,768 ಒಂದು, 4,096 ಒಂದು, 16,384 ಒಂದು ಅಂತ ಉದ್ದ ಗಿಡ್ಡ ಬ್ಲಾಕುಗಳು ಬಿದ್ದಿರ್ತವೆ. ಕೊನೆಗೆ ಡಿಡಿ ವರದಿಯಲ್ಲಿ ಎಡಗಡೆ ಸೊನ್ನೆ ಅಥವಾ ಸಣ್ಣ ಅಂಕಿ, ಬಲಗಡೆ ಸಾವಿರಗಟ್ಟಲೆ ಇದ್ದರೆ ಇದೇ ಆಗಿದೆ ಅಂತ ತಿಳೀರಿ.

ಪರಿಹಾರ, ಬಿಎಸ್ ಬಿಟ್ಟು ಐಬಿಎಸ್=64ಕೆ ಓಬಿಎಸ್=64ಕೆ ಅಂತ ಬೇರೆ ಬೇರೆ ಕೊಡೋದು. ಅಂಕಿ ಒಂದೇ ಆದರೂ ಪರಿಣಾಮ ಒಂದೇ ಅಲ್ಲ: ಬೇರೆ ಕೊಟ್ಟಾಗ ಡಿಡಿ ಓದಿದ್ದನ್ನು ಕೂಡಿಸಿ 64 ಕಿಲೋಬೈಟ್ ತುಂಬಿದ ಮೇಲೆ ಮಾತ್ರ ಬರೆಯುತ್ತೆ. ಬರೀ ಓಬಿಎಸ್ ಕೊಟ್ಟರೆ ಓದು 512ರಲ್ಲಿ ನಡೆದು ನಿಧಾನ ಆಗುತ್ತೆ. ಟಾರ್ ಕಡೆಯೂ -ಬಿ 128 ಕೊಟ್ಟಿದ್ದರೆ ಒಟ್ಟು ಉದ್ದ 65,536ರ ಗುಣಕ ಆಗಿ ಕೊನೇ ಬ್ಲಾಕೂ ಪೂರ್ತಿ ಇರುತ್ತೆ. ಜಿಎನ್‌ಯು ಡಿಡಿಯಲ್ಲಿ ಐಫ್ಲ್ಯಾಗ್=ಫುಲ್‌ಬ್ಲಾಕ್ ಅಂತಲೂ ಇದೆ, ಅದನ್ನ ಬಿಎಸ್ ಜೊತೆ ಹಾಕಿದರೂ ಸರಿಹೋಗುತ್ತೆ.

ಕಾನ್ವ್=ಸಿಂಕ್ ಮಾತ್ರ ಪೈಪಿನ ಜೊತೆ ದಯವಿಟ್ಟು ಹಾಕಬೇಡಿ. ಅದು ಪ್ರತಿಯೊಂದು ತುಂಬದ ಓದಿಗೂ ಸೊನ್ನೆ ಸೇರಿಸಿ 64 ಕಿಲೋಬೈಟ್ ಮಾಡುತ್ತೆ. ಬ್ಲಾಕೆಲ್ಲಾ ಒಂದೇ ಅಳತೆ ಬಂತು ಅಂತ ಚೆಂದ ಕಾಣುತ್ತೆ, ಆದರೆ ಆರ್ಕೈವಿನ ಹೊಟ್ಟೆಯೊಳಗೆ ಅಲ್ಲಲ್ಲಿ ಸೊನ್ನೆ ಸೇರಿ ಫೈಲುಗಳೇ ಹಾಳು. ಬಿಚ್ಚುವಾಗ "ಸ್ಕಿಪ್ಪಿಂಗ್ ಟು ನೆಕ್ಸ್ಟ್ ಹೆಡರ್" ಅಂತ ಶುರುವಾಗುತ್ತೆ. ಫುಲ್‌ಬ್ಲಾಕ್ ಜೊತೆಯಲ್ಲಿದ್ದರೆ ಮಾತ್ರ ಸಿಂಕ್ ಸುರಕ್ಷಿತ, ಆಗ ಕೊನೇ ತುಂಡಿಗೆ ಮಾತ್ರ ಸೊನ್ನೆ ಸೇರುತ್ತೆ.

ಇಂಥ ಉದ್ದಗಿಡ್ಡ ಬ್ಲಾಕಿನ ಟೇಪು ಈಗಾಗಲೇ ಕೈಗೆ ಬಂದಿದ್ದರೆ ಡೇಟಾ ಹೋಗಿಲ್ಲ. ಡಿಡಿ ಬಿಎಸ್=256ಕೆ ಹಾಕಿ ಡಿಸ್ಕಿಗೆ ಇಳಿಸಿ, ಗಡಿಗಳು ಅಳಿಸಿಹೋಗಿ ಒಂದೇ ಸರಿಯಾದ ಆರ್ಕೈವ್ ಆಗುತ್ತೆ. ಡಿಸ್ಕಿಗೆ ಇಳಿಸದೆ ಪೈಪಲ್ಲೇ ಟಾರ್‌ಗೆ ಕೊಡೋದಾದರೆ ಟಾರ್‌ಗೆ ದೊಡ್ಡಕ್ಷರದ -ಬಿ ಹಾಕಿ, ರೆಕಾರ್ಡ್ ತುಂಬೋವರೆಗೂ ಅದು ಮತ್ತೆ ಮತ್ತೆ ಓದುತ್ತೆ.

ಕೊಟ್ಟಿಗೆಹಾರ ಮಳೆ

ಎಐಎಕ್ಸ್ ಮಷೀನಿನ ಎಂಕೆಸಿಸ್‌ಬಿ (ಸಿಸ್ಟಮ್ ಬ್ಯಾಕಪ್) ಟೇಪ್ ಯಾರಿಗಾದರೂ ಸಿಕ್ಕರೆ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ. ಅಲ್ಲಿ ಒಂದೇ ಟೇಪಲ್ಲಿ ಎರಡು ಬ್ಲಾಕ್ ಸೈಜ್ ಇರುತ್ತೆ. ಮೊದಲ ಮೂರು ಇಮೇಜು, ಅಂದರೆ ಬೂಟ್ ಇಮೇಜು, ಎಂಕೆಇನ್‌ಸ್ಟ್‌ಟೇಪು, ಹೆಸರಿಗೊಂದು ವಿಷಯಸೂಚಿ, ಇವು 512ರಲ್ಲಿ. ನಾಲ್ಕನೇದು ನಿಜವಾದ ಬ್ಯಾಕಪ್, ಅದು ಆವತ್ತು ಡ್ರೈವಿಗೆ ಇದ್ದ ಅಳತೆಯಲ್ಲಿ. ಆ ಅಳತೆ ಏನಿತ್ತು ಅನ್ನೋದು ಎರಡನೇ ಇಮೇಜಿನ ಒಳಗೆ ಟೇಪ್‌ಬಿಎಲ್‌ಕೆಎಸ್‌ಝಡ್ ಅನ್ನೋ ಫೈಲಲ್ಲಿ ಬರೆದಿರುತ್ತೆ. ಹಾಗಾಗಿ ಕ್ರಮ ಹೀಗೆ: ಸಿಎಚ್‌ಡೆವ್ -ಎಲ್ ಆರ್‌ಎಂಟಿ0 -ಎ ಬ್ಲಾಕ್_ಸೈಜ್=512 ಮಾಡಿ, ರಿವೈಂಡ್ ಮಾಡಿ, /ಡೆವ್/ಆರ್‌ಎಂಟಿ0.1ರಿಂದ ರಿಸ್ಟೋರ್ -ಎಸ್2 ಹಾಕಿ ಆ ಫೈಲ್ ಒಂದನ್ನೇ ತೆಗೆದು ನೋಡಿ. ಅದರಲ್ಲಿ 1024 ಅಂತಿದ್ದರೆ ಬ್ಲಾಕ್ ಸೈಜನ್ನು 1024 ಮಾಡಿ, ಮತ್ತೆ ರಿವೈಂಡ್ ಮಾಡಿ, ರಿಸ್ಟೋರ್ -ಎಸ್4. ಈಗಿರೋ ಅಳತೆ ನೋಡೋಕೆ ಎಲ್‌ಎಸ್‌ಆಟ್ರ್ -ಇಎಲ್ ಆರ್‌ಎಂಟಿ0.

ಇನ್ನು ನಮ್ಮ ಕಡೆಯ ಹವೆ. ಎಲ್‌ಟಿಓ ಟೇಪನ್ನು ವರ್ಷಗಟ್ಟಲೆ ಇಡೋಕೆ ಹೇಳಿರೋದು 16ರಿಂದ 25 ಡಿಗ್ರಿ, ತೇವಾಂಶ ಶೇಕಡಾ 20ರಿಂದ 50. ಮಲೆನಾಡಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಬೀರುವಿನ ಒಳಗೂ ಅಷ್ಟು ಒಣಹವೆ ಸಿಗೋದು ಕಷ್ಟ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ತೇವಮಾಪಕ ಇಡಿ. ಜೆಲ್ಲಿನ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ. ಮಳೆಯಲ್ಲಿ ಬಸ್ಸಲ್ಲಿ ಬಂದ ಟೇಪನ್ನು ಇಳಿಸಿದ ಕೂಡಲೇ ಎಸಿ ರೂಮಿನ ಡ್ರೈವಿಗೆ ಹಾಕಬೇಡಿ, ಒಂದು ದಿನ ಅದೇ ರೂಮಲ್ಲಿ ಬಿಡಿ. ತೇವದಿಂದ ಬರೋ ಓದಿನ ತಪ್ಪಿಗೂ ಬ್ಲಾಕ್ ತಪ್ಪಿಗೂ ವ್ಯತ್ಯಾಸ ಸುಲಭ: ಬ್ಲಾಕ್ ಸೈಜ್ ತಪ್ಪಿದ್ದರೆ ಮೊದಲ ಓದಲ್ಲೇ, ಪ್ರತಿ ಸಲವೂ, ಅದೇ ಜಾಗದಲ್ಲಿ ನಿಲ್ಲುತ್ತೆ. ಟೇಪು ಕೆಟ್ಟಿದ್ದರೆ ಸ್ವಲ್ಪ ದೂರ ಓದಿ ಎಲ್ಲೋ ನಡುವೆ ನಿಲ್ಲುತ್ತೆ, ಡಿಮೆಸೇಜಲ್ಲಿ "ಮೀಡಿಯಂ ಎರರ್" ಅಂತ ಇರುತ್ತೆ.

ಹೇಮಾವತಿ ದಂಡೆ (ಹಾಸನ)

ನಾಲ್ಕೂ ಟೇಪು ಡಿಸ್ಕಿಗೆ ಇಳಿದವು. ಟೇಪ್ 1ರಲ್ಲಿ ಮೂರು ಫೈಲು ಸಿಕ್ಕವು, ಮಂಜು ಅವರು ಹೇಳದೇ ಇದ್ದಿದ್ದರೆ ಒಂದಕ್ಕೇ ನಿಲ್ಲಿಸ್ತಿದ್ದೆ. ಅದರಲ್ಲಿ ಮೂರನೇದು ಜಿಜಿಪ್ ಆಗಿರೋದು. ಬಿಚ್ಚಿದರೆ "ಡಿಕಂಪ್ರೆಷನ್ ಓಕೆ, ಟ್ರೇಲಿಂಗ್ ಗಾರ್ಬೇಜ್ ಇಗ್ನೋರ್ಡ್" ಅಂತ ಬರ್ತಿದೆ. ಇದಕ್ಕೆ ಹೆದರಬೇಕಾ? ಮತ್ತೆ ಡ್ರೈವಿನ 512 ಸಮಸ್ಯೆ ಮತ್ತೆ ಬರದ ಹಾಗೆ ಹೇಗೆ ಮಾಡೋದು?

ಬೇಲೂರು ಉಳಿ

ಹೆದರಬೇಡಿ. ಜಿಜಿಪ್ ಡೇಟಾ ಮುಗಿದ ಮೇಲೆ ಕೊನೇ ಬ್ಲಾಕನ್ನು 64,512ಕ್ಕೆ ತುಂಬಿಸೋಕೆ ಏನೋ ಹೆಚ್ಚುವರಿ ಬೈಟು ಹಾಕಿದ್ದಾರೆ, ಜಿಜಿಪ್‌ಗೆ ಅವು ಏನಂತ ಗೊತ್ತಿಲ್ಲ. ಮೊದಲ ಎರಡು ಪದ, "ಡಿಕಂಪ್ರೆಷನ್ ಓಕೆ", ಅವೇ ಮುಖ್ಯ. ಒಳಗಿನ ಚೆಕ್‌ಸಮ್ ತಾಳೆ ಆಗಿದೆ ಅಂತ ಅರ್ಥ. "ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್" ಬಂದಿದ್ದರೆ ಯೋಚನೆ ಮಾಡಬೇಕಿತ್ತು.

ಡ್ರೈವಿಗೆ: ಮೊದಲು ಅದರ ವೈರನ್ನು ಯುಪಿಎಸ್‌ಗೆ ಹಾಕಿ. ಆಮೇಲೆ ಎಂಟಿ-ಎಸ್‌ಟಿ ಪ್ಯಾಕೇಜು ಹಾಕಿಕೊಳ್ಳಿ. ಸಿಪಿಐಒ ಜೊತೆ ಬರೋ ಎಂಟಿಯಲ್ಲಿ ಇಲ್ಲದ ಡೆಫ್‌ಬಿಎಲ್‌ಕೆಸೈಜ್ ಅನ್ನೋ ಕೆಲಸ ಇದರಲ್ಲಿದೆ. ಅದಕ್ಕೆ 0 ಕೊಟ್ಟರೆ ಡ್ರೈವರೇ ಆ ಅಳತೆಯನ್ನು ನೆನಪಿಟ್ಟುಕೊಳ್ಳುತ್ತೆ. ಮಷೀನ್ ಬೂಟ್ ಆದಾಗಲೂ ಉಳೀಬೇಕು ಅಂದರೆ /ಇಟಿಸಿ/ಸ್ಟಿನಿಟ್.ಡೆಫ್ ಫೈಲಲ್ಲಿ ಮೋಡ್1 ಸಾಲಿಗೆ ಬ್ಲಾಕ್‌ಸೈಜ್=0 ಬರೆದು, ಬೂಟಲ್ಲಿ ಸ್ಟಿನಿಟ್ ಓಡೋ ಹಾಗೆ ಮಾಡಿ. ಇಷ್ಟು ಮಾಡಿದರೂ ಒಂದೊಂದು ಟೇಪ್ ಹಾಕಿದಾಗಲೂ ಸ್ಟೇಟಸ್ ಒಂದು ಸಲ ನೋಡೋ ಅಭ್ಯಾಸ ಬಿಡಬೇಡಿ, ಎರಡು ಸೆಕೆಂಡಿನ ಕೆಲಸ.

ಕ್ಯಾಸೆಟ್ಟಿನ ಮೇಲೆ ಚೀಟಿ ಅಂಟಿಸುವಾಗ ಬರೀ "ಬ್ಲಾಕ್ 126" ಅಂತ ಬರೆಯಬೇಡಿ, ಯಾವ ಬ್ಲಾಕ್ ಅಂತ ಮುಂದಿನವರಿಗೆ ತಿಳಿಯಲ್ಲ. ಬೈಟಲ್ಲೇ ಬರೀರಿ. ನಿಮ್ಮ ಮೊದಲ ಟೇಪಿಗೆ ಹೀಗಿರಲಿ: "ಸೊಲಾರಿಸ್ ಟಾರ್. ವೇರಿಯಬಲ್. 64,512 ಬೈಟು. 3 ಫೈಲು, 3ನೇದು ಜಿಜಿಪ್. ಡಿಡಿಎಸ್-4." ಕ್ಯಾಸೆಟ್ಟಿನ ಮೇಲೊಂದು, ಡಬ್ಬಿಯ ಮೇಲೊಂದು. ಪೆನ್ಸಿಲಲ್ಲಿ ಬೇಡ.

ಹೇಮಾವತಿ ದಂಡೆ (ಹಾಸನ)

ಚೀಟಿ ಬರೆದೆ ಸಾರ್. ಟೇಪ್ 3ಕ್ಕೆ "ಡಿಯು ಲೆಕ್ಕ 63,68,240, 512 ಬೈಟಿನದ್ದು" ಅಂತಲೂ ಸೇರಿಸಿದೀನಿ.